ಸೈನಿಕನ ಕೋವಿ ಬೇಟೆಗಾರನ ಕೈಗೆ: ಮಾರ್ಪಡಿಸಿದ ರೈಫಲ್ ಕೊಳ್ಳುವ ಮುನ್ನ

ಯುದ್ಧಕ್ಕೆಂದು ತಯಾರಾದ ರೈಫಲ್ಲಿನ ಉದ್ದನೆಯ ಮರದ ಹೊದಿಕೆಯನ್ನು ಕತ್ತರಿಸಿ, ಎಷ್ಟೋ ವೇಳೆ ನಳಿಗೆಯನ್ನೂ ಮೊಟಕುಗೊಳಿಸಿ, ಗುರಿಯಿಡಲು ಇದ್ದ ಸೈನ್ಯದ ಸೈಟುಗಳನ್ನು ಕಿತ್ತು ಅವುಗಳ ಜಾಗದಲ್ಲಿ ದುರ್ಬೀನು ಕೂರಿಸಿ, ಬೇಟೆಗೆ ಒಗ್ಗುವಂತೆ ಮಾರ್ಪಡಿಸಿದ ಕೋವಿಯನ್ನು ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ‘ಸ್ಪೋರ್ಟರ್’ ಎಂದು ಕರೆಯುತ್ತಾರೆ. ಅಮೆರಿಕ ಮತ್ತು ಕೆನಡಾದ ಕೋವಿ ಅಂಗಡಿಗಳಲ್ಲಿ ಹಳೆಯ ಸರಕಿನ ಸಾಲಿನ ನಡುವೆ ಇಂಥ ರೈಫಲ್ಲುಗಳು ಇಂದಿಗೂ ಒರಗಿ ನಿಂತಿರುತ್ತವೆ. ಅವುಗಳ ಬೆಲೆ ಹೊಸ ರೈಫಲ್ಲಿಗಿಂತ ಕಡಿಮೆಯಾಗಿರುವುದುಂಟು, ಅವುಗಳ ಉಕ್ಕಿನ ಮೇಲೆ ಒಂದು ಕಾಲದ ಪ್ರಖ್ಯಾತ ಆಯುಧಶಾಲೆಗಳ ಮುದ್ರೆಯಿರುತ್ತದೆ, ಅಜ್ಜನೊಬ್ಬ ಚಳಿಗಾಲದ ಸಂಜೆಗಳಲ್ಲಿ ಕೂತು ಉಜ್ಜಿ ಎಣ್ಣೆ ಹಚ್ಚಿದ ವಾಲ್ನಟ್ ಮರದ ಹೊಳಪೂ ಇರುತ್ತದೆ. ಇಂಥದ್ದನ್ನು ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಬೆಲೆಯ ಪ್ರಶ್ನೆಯಂತೆ ಕಂಡರೂ, ಅದರೊಳಗೆ ಲೋಹಶಾಸ್ತ್ರ, ಇತಿಹಾಸ ಮತ್ತು ಕಾನೂನು ಮೂರೂ ಹೆಣೆದುಕೊಂಡಿವೆ.

ಇಷ್ಟು ಸೈನಿಕ ರೈಫಲ್ಲುಗಳು ಬೇಟೆಗಾರರ ಕೈಗೆ ಬಂದದ್ದಕ್ಕೆ ಕಾರಣ ಎರಡು ಮಹಾಯುದ್ಧಗಳು ಉಳಿಸಿಹೋದ ರಾಶಿ. ಜರ್ಮನಿ 1898ರಲ್ಲಿ ಸೈನ್ಯಕ್ಕೆ ಸೇರಿಸಿಕೊಂಡ ಮೌಸರ್ ರೈಫಲ್ಲಿನ ಗಿಡ್ಡ ರೂಪವಾದ ಕಾರಬೈನರ್ 98ಕೆ 1935ರಿಂದ ಯುದ್ಧದ ಕೊನೆಯವರೆಗೆ ಸುಮಾರು 1.4 ಕೋಟಿಯಷ್ಟು ತಯಾರಾಯಿತು. ಬ್ರಿಟಿಷ್ ಸಾಮ್ರಾಜ್ಯದ ಲೀ-ಎನ್‌ಫೀಲ್ಡ್, ಅಂದರೆ ನಮ್ಮಲ್ಲಿ ಪೊಲೀಸ್ ಠಾಣೆಯ ಪಹರೆಯವರ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’, ಎಲ್ಲ ಮಾದರಿಗಳೂ ಸೇರಿ ಸುಮಾರು 1.7 ಕೋಟಿಯಷ್ಟಾಯಿತು ಎಂಬ ಲೆಕ್ಕವಿದೆ. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್, ಮೊದಲ ಮಹಾಯುದ್ಧದಲ್ಲಿ ತರಾತುರಿಯಿಂದ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ತಯಾರಾದ ಎಂ1917, ಸ್ವೀಡನ್ನಿನ 6.5 ಮಿಲಿಮೀಟರ್ ಮೌಸರ್, ಜಪಾನಿನ ಅರಿಸಾಕ ಇವೆಲ್ಲವೂ ಇದೇ ರಾಶಿಗೆ ಸೇರಿದವು. ಅರೆ-ಸ್ವಯಂಚಾಲಿತ ರೈಫಲ್ಲುಗಳು ಬಂದಮೇಲೆ ಸೈನ್ಯಗಳಿಗೆ ಇವು ಬೇಡವಾದವು. ಅಮೆರಿಕದ ಸರ್ಕಾರವೇ ತನ್ನ ಹಳೆಯ ಕ್ರಾಗ್ ಮತ್ತು ಸ್ಪ್ರಿಂಗ್‌ಫೀಲ್ಡ್‌ಗಳನ್ನು ನಾಗರಿಕರ ಗುರಿಯಭ್ಯಾಸವನ್ನು ಪ್ರೋತ್ಸಾಹಿಸುವ ಯೋಜನೆಯಡಿ ಅಗ್ಗವಾಗಿ ಹಂಚಿತು, ಉಳಿದ ದೇಶಗಳ ಸರಕನ್ನು ವ್ಯಾಪಾರಿಗಳು ಹಡಗುಗಟ್ಟಲೆ ತರಿಸಿ ಅಂಚೆಯ ಮೂಲಕ ಮಾರಿದರು. ಆ ಮಾರಾಟ ಎಷ್ಟು ಸಲೀಸಾಗಿತ್ತೆಂಬುದಕ್ಕೆ ಕೆನಡಿ ಹತ್ಯೆಯೇ ಸಾಕ್ಷಿ: 1963ರಲ್ಲಿ ಅದಕ್ಕೆ ಬಳಕೆಯಾದ ಇಟಲಿಯ ಕಾರ್ಕಾನೊ ರೈಫಲ್ಲು ದುರ್ಬೀನು ಸಮೇತ 19.95 ಡಾಲರಿಗೆ ಅಂಚೆಯಲ್ಲಿ ತರಿಸಿಕೊಂಡದ್ದಾಗಿತ್ತು. 1968ರ ಬಂದೂಕು ನಿಯಂತ್ರಣ ಕಾಯ್ದೆ ಅಂಚೆ ಮಾರಾಟಕ್ಕೂ ಸೈನಿಕ ಸರಕಿನ ಆಮದಿಗೂ ತಡೆ ಹಾಕಿತು. ಆಮದಿನ ತಡೆ ಐತಿಹಾಸಿಕ ಕೋವಿಗಳ ಮಟ್ಟಿಗೆ ಸಡಿಲವಾದದ್ದು 1980ರ ದಶಕದಲ್ಲಿ. ಹಾಗಾಗಿ ಇಂದು ಕಾಣುವ ಸ್ಪೋರ್ಟರುಗಳಲ್ಲಿ ಬಹುಪಾಲು 1920ರಿಂದ 1960ರ ದಶಕದವರೆಗಿನ ಕೆಲಸ.

ಈ ಮಾರ್ಪಾಡು ಕೀಳು ದರ್ಜೆಯ ಹವ್ಯಾಸವಾಗಿ ಹುಟ್ಟಿದ್ದಲ್ಲ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರಿಗಾಗಿ ಸ್ಪ್ರಿಂಗ್‌ಫೀಲ್ಡ್ ಆಯುಧಶಾಲೆಯೇ ತನ್ನ ಹೊಸ ಸೈನಿಕ ರೈಫಲ್ಲಿಗೆ ಬೇಟೆಯ ಹಿಡಿ ತೊಡಿಸಿಕೊಟ್ಟಿತ್ತು, ಅವರು ಅದನ್ನು 1909ರ ಆಫ್ರಿಕಾ ಯಾತ್ರೆಗೆ ಕೊಂಡೊಯ್ದರು. 1923ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಗ್ರಿಫಿನ್ ಅಂಡ್ ಹೋ ಸಂಸ್ಥೆ ಸ್ಪ್ರಿಂಗ್‌ಫೀಲ್ಡ್‌ಗಳನ್ನು ಬೇಟೆ ರೈಫಲ್ಲುಗಳನ್ನಾಗಿ ರೂಪಿಸುವುದರಲ್ಲೇ ಹೆಸರು ಮಾಡಿತು. ಅರ್ನೆಸ್ಟ್ ಹೆಮಿಂಗ್ವೆಯ ಮೆಚ್ಚಿನ ರೈಫಲ್ಲು ಅಲ್ಲಿಯದೇ. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಸಂಸ್ಥೆ ಲೀ-ಎನ್‌ಫೀಲ್ಡ್‌ಗಳನ್ನು ಕಾರ್ಖಾನೆಯ ಕ್ರಮದಲ್ಲೇ ಪರಿವರ್ತಿಸಿ ಮಾರಿತು. ಇವರೆಲ್ಲ ಬೆಲೆ ಕಟ್ಟಿದ್ದು ಸೈನಿಕ ರೈಫಲ್ಲಿನ ‘ಆ್ಯಕ್ಷನ್’ ಎಂಬ ಭಾಗಕ್ಕೆ, ಅಂದರೆ ತೋಟಾವನ್ನು ಒಳಗೆ ತಳ್ಳಿ, ಹಿಂದಿನಿಂದ ಬೀಗ ಹಾಕಿ, ಸಿಡಿದ ಮೇಲೆ ಖಾಲಿ ಚಿಪ್ಪನ್ನು ಹೊರಗೆಳೆಯುವ ಉಕ್ಕಿನ ಯಂತ್ರಕ್ಕೆ. 1898ರ ಮೌಸರ್ ಆ್ಯಕ್ಷನ್ನಿನಲ್ಲಿ ಬೋಲ್ಟಿನ, ಅಂದರೆ ಹಿಂದೆ ಮುಂದೆ ಜಾರಿ ಬೀಗ ಹಾಕುವ ಸರಳಿನ, ಪಕ್ಕಕ್ಕಿರುವ ಉದ್ದನೆಯ ಕೊಕ್ಕೆಯೊಂದು ತೋಟಾ ಪೆಟ್ಟಿಗೆಯಿಂದ ಮೇಲೇಳುತ್ತಿದ್ದಂತೆಯೇ ಅದರ ಬುಡವನ್ನು ಹಿಡಿದುಬಿಡುವುದರಿಂದ, ಕೋವಿ ಯಾವ ಭಂಗಿಯಲ್ಲಿದ್ದರೂ ತೋಟಾ ಜಾರಿ ಬೀಳುವುದಿಲ್ಲ. ಮುಂದಿನ ಎರಡು ಬೀಗದ ಗುಬಟುಗಳ ಜೊತೆಗೆ, ಅವು ಮುರಿದರೂ ಬೋಲ್ಟು ಶಿಕಾರಿಗಾರನ ಮುಖಕ್ಕೆ ಹಾರದಂತೆ ತಡೆಯುವ ಮೂರನೆಯ ಗುಬಟೂ ಇದೆ. ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಪರಿಚಿತನಾದ ಜಿಮ್ ಕಾರ್ಬೆಟ್ಟನಿಗೆ ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಬಹುಮಾನವಾಗಿ ಬಂದ .275 ರಿಗ್ಬಿ ರೈಫಲ್ಲು ಸೈನ್ಯದಿಂದ ಬಂದದ್ದಲ್ಲವಾದರೂ ಅದರ ಎದೆಗೂಡು ಈ ಮೌಸರ್ ಆ್ಯಕ್ಷನ್ನೇ.

ಆದರೆ ಗ್ರಿಫಿನ್ ಅಂಡ್ ಹೋದಂಥ ಕಾರ್ಯಾಗಾರದಿಂದ ಬಂದ ಸ್ಪೋರ್ಟರಿಗೂ, ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ಗರಗಸ ಮತ್ತು ಅರದಿಂದ ಹುಟ್ಟಿದ ಸ್ಪೋರ್ಟರಿಗೂ ಅಜಗಜಾಂತರವಿದೆ, ಮಾರುಕಟ್ಟೆಯಲ್ಲಿ ಎದುರಾಗುವುದು ಹೆಚ್ಚಾಗಿ ಎರಡನೆಯ ಬಗೆಯದೇ. ಕೊಳ್ಳುವವನ ಮುಂದಿರುವ ಮೊದಲ ಪ್ರಶ್ನೆ ಅಂದದ್ದಾಗಲಿ ಬೆಲೆಯದ್ದಾಗಲಿ ಆಗಬಾರದು. ಈ ಉಕ್ಕು ಸಿಡಿತವನ್ನು ತಡೆಯುತ್ತದೆಯೇ ಎಂಬುದು ಮೊದಲು ತೀರ್ಮಾನವಾಗಬೇಕು. ಮುಖದಿಂದ ನಾಲ್ಕು ಬೆರಳು ದೂರದಲ್ಲಿ ಚದರಂಗುಲಕ್ಕೆ ಐವತ್ತು ಸಾವಿರ ಪೌಂಡಿನ ಆಸುಪಾಸಿನ ಒತ್ತಡ ಏಳುವ ಯಂತ್ರದ ವಿಷಯದಲ್ಲಿ ಉಳಿದ ಯಾವ ಲೆಕ್ಕವೂ ಇದಕ್ಕಿಂತ ಮುಂಚೆ ಬರುವುದಿಲ್ಲ.

ಸ್ಪ್ರಿಂಗ್‌ಫೀಲ್ಡ್ 1903ರ ಕಥೆ ಇಲ್ಲಿ ವಿವರವಾಗಿ ತಿಳಿಯತಕ್ಕದ್ದು. ಈ ರೈಫಲ್ಲಿನ ರಿಸೀವರ್, ಅಂದರೆ ಬೋಲ್ಟು ಓಡಾಡುವ ಮತ್ತು ನಳಿಗೆ ತಿರುಚಿ ಕೂರುವ ಉಕ್ಕಿನ ಮೈ, ಕುಲುಮೆಯಲ್ಲಿ ಕಾದು ಗಡಸಾಗಬೇಕಿತ್ತು. ಎಷ್ಟು ಕಾದರೆ ಸಾಕು ಎಂಬುದನ್ನು ಮೊದಮೊದಲು ಅನುಭವಿ ಕಮ್ಮಾರರು ಉಕ್ಕಿನ ಕೆಂಪು ಬಣ್ಣವನ್ನು ಕಣ್ಣಳತೆಯಲ್ಲಿ ನೋಡಿ ನಿರ್ಧರಿಸುತ್ತಿದ್ದರು. ಮೋಡ ಕವಿದ ದಿನ ಸರಿಯಾಗಿ ಕಂಡ ಅದೇ ಕೆಂಪು, ಕಿಟಕಿಯಿಂದ ಬಿಸಿಲು ಬೀಳುವ ದಿನ ಮಂಕಾಗಿ ಕಾಣುತ್ತಿತ್ತು. ಉಕ್ಕು ಇನ್ನೂ ಕಾದಿಲ್ಲವೆಂದು ಅವರು ಮತ್ತಷ್ಟು ಕಾಯಿಸುತ್ತಿದ್ದರು, ಹೀಗೆ ಮಿತಿಮೀರಿ ಕಾದ ಉಕ್ಕು ಒಳಗೊಳಗೇ ಗಾಜಿನಂತೆ ಪೆಡಸಾಗುತ್ತಿತ್ತು. ಮೊದಲ ಮಹಾಯುದ್ಧದ ಸಮಯದಲ್ಲಿ ಕೆಲವು ರಿಸೀವರುಗಳು ಸಿಡಿದು ಚೂರಾದಾಗ ತನಿಖೆ ನಡೆದು, ಶಾಖಮಾಪಕಗಳನ್ನು ಇಟ್ಟು ನೋಡಿದಾಗ ಕಣ್ಣಳತೆ ಎಷ್ಟು ತಪ್ಪಿತ್ತೆಂಬುದು ಗೊತ್ತಾಯಿತು, 1918ರಲ್ಲಿ ಎರಡು ಹಂತದ ಹೊಸ ಹದಗೊಳಿಸುವ ವಿಧಾನ ಜಾರಿಗೆ ಬಂತು. ಸ್ಪ್ರಿಂಗ್‌ಫೀಲ್ಡ್ ಆಯುಧಶಾಲೆಯಲ್ಲಿ 8,00,000ಕ್ಕಿಂತ ಕಡಿಮೆಯ, ರಾಕ್ ಐಲೆಂಡ್ ಆಯುಧಶಾಲೆಯಲ್ಲಿ 2,85,507ಕ್ಕಿಂತ ಕಡಿಮೆಯ ಕ್ರಮಸಂಖ್ಯೆಯಿರುವ ರೈಫಲ್ಲುಗಳೆಲ್ಲ ಈ ಹಳೆಯ ವಿಧಾನದವು. ಅವುಗಳಲ್ಲಿ ಸಾವಿರಾರು ಸುರಕ್ಷಿತವಾಗಿಯೇ ಗುಂಡು ಹಾರಿಸಿವೆ ಎಂಬುದು ನಿಜ. ಆದರೆ ಯಾವುದು ಪೆಡಸು ಯಾವುದು ಗಟ್ಟಿ ಎಂದು ಹೊರಗಿನಿಂದ ಹೇಳಲು ಸಾಧ್ಯವಿಲ್ಲ, ಮತ್ತೊಮ್ಮೆ ಕಾಯಿಸಿ ಹದಗೊಳಿಸಿ ಅದನ್ನು ಸರಿಪಡಿಸಲೂ ಆಗುವುದಿಲ್ಲ. ಇಂಥ ಸಂಖ್ಯೆಯ ಸ್ಪೋರ್ಟರು ಎಷ್ಟೇ ಚೆಲುವಾಗಿರಲಿ, ಎಷ್ಟೇ ಅಗ್ಗವಾಗಿರಲಿ, ಅದನ್ನು ಗುಂಡು ಹಾರಿಸುವುದಕ್ಕೆಂದು ಕೊಳ್ಳಲೇಬಾರದು. ಕೊಳ್ಳುವವನು ದುರ್ಬೀನಿನ ಕೆಳಗೆ ಅಡಗಿರಬಹುದಾದ ಆ ಸಂಖ್ಯೆಯನ್ನು ಬೆಳಕಿಗೆ ಹಿಡಿದು ಓದದೆ ಹಣ ಎಣಿಸಬಾರದು.

ಎಂ1917ರದ್ದು ಬೇರೆಯ ತೊಂದರೆ. ಅದರ ಉಕ್ಕು ಬಲವಾದದ್ದೇ, ಆದರೆ ಎಡ್ಡಿಸ್ಟೋನ್ ಕಾರ್ಖಾನೆಯಲ್ಲಿ ತಯಾರಾದವುಗಳ ನಳಿಗೆಗಳನ್ನು ಯಂತ್ರಬಲದಿಂದ ಅತಿ ಬಿಗಿಯಾಗಿ ತಿರುಚಿ ಕೂರಿಸಿದ್ದರಿಂದ, ಹೊಸ ನಳಿಗೆ ಹಾಕಲೆಂದು ಹಳೆಯದನ್ನು ಬಿಚ್ಚುವಾಗ ಎಷ್ಟೋ ರಿಸೀವರುಗಳಲ್ಲಿ ಕೂದಲೆಳೆಯ ಬಿರುಕು ಬಿದ್ದಿತು. ಈ ರೈಫಲ್ಲಿನ ಹಿಂದಿನ ಸೈಟಿನ ಎರಡೂ ಬದಿಗೆ ಕಿವಿಗಳಂತೆ ಎದ್ದುನಿಂತ ಕಾಪುಗಳಿದ್ದವು. ದುರ್ಬೀನಿಗಾಗಿ ಅವನ್ನು ಸಾಣೆಯಲ್ಲಿ ಉಜ್ಜಿ ತೆಗೆದವರಲ್ಲಿ ಕೆಲವರು ಆ ಭಾಗವನ್ನು ಸುಟ್ಟು ನೀಲಿಗಟ್ಟಿಸಿದರು. ನಳಿಗೆ ಬದಲಾದ ಎಂ1917ನ್ನು ಬಿರುಕಿನ ಪರೀಕ್ಷೆಯಿಲ್ಲದೆ ಕೊಳ್ಳುವುದು ಜೂಜು. ಅದಕ್ಕೂ ಹಿಂದಿನ ಕ್ರಾಗ್ ರೈಫಲ್ಲಿನಲ್ಲಿ ಮುಂದಿನ ಬೀಗದ ಗುಬಟು ಒಂದೇ ಒಂದಾದ್ದರಿಂದ ಅದನ್ನು ಭೂತಗನ್ನಡಿಯಲ್ಲಿ ನೋಡುವುದು ಕಡ್ಡಾಯ. 1898ಕ್ಕೂ ಹಿಂದಿನ ವಿನ್ಯಾಸದ ಮೌಸರುಗಳಲ್ಲಿ ಮೂರನೆಯ ಗುಬಟಿಲ್ಲ, ಚಿಪ್ಪು ಒಡೆದರೆ ಹಿಂದಕ್ಕೆ ನುಗ್ಗುವ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ವ್ಯವಸ್ಥೆಯೂ ದುರ್ಬಲ, ಆದ್ದರಿಂದ ಅವನ್ನು ಇಂದಿನ ಹೆಚ್ಚು ಒತ್ತಡದ ತೋಟಾಕ್ಕೆ ಪರಿವರ್ತಿಸಿದ್ದರೆ ಬಿಟ್ಟುಬಿಡುವುದೇ ಲೇಸು.

ಉಕ್ಕು ಸರಿಯಿದ್ದರೂ ‘ಹೆಡ್‌ಸ್ಪೇಸ್’ ಎಂಬ ಅಳತೆ ಸರಿಯಿಲ್ಲದಿದ್ದರೆ ಅಪಾಯ ತಪ್ಪಿದ್ದಲ್ಲ. ಚೇಂಬರು ಎಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು. ಬೋಲ್ಟನ್ನು ಮುಚ್ಚಿದಾಗ ಅದರ ಮುಖಕ್ಕೂ ಆ ಗೂಡಿನಲ್ಲಿ ತೋಟಾವನ್ನು ತಡೆದು ನಿಲ್ಲಿಸುವ ಅಂಚಿಗೂ ನಡುವಿನ ಅಂತರವೇ ಹೆಡ್‌ಸ್ಪೇಸ್. ಈ ಅಂತರ ಹೆಚ್ಚಾದರೆ ಹಿತ್ತಾಳೆಯ ಚಿಪ್ಪು ಸಿಡಿತದ ಕ್ಷಣದಲ್ಲಿ ಹಿಂದಕ್ಕೆ ಎಳೆದುಕೊಂಡು, ಬುಡದ ಸ್ವಲ್ಪ ಮೇಲೆ ತೆಳುವಾಗಿ, ಕೊನೆಗೆ ಹರಿದು ಅನಿಲವನ್ನು ಆ್ಯಕ್ಷನ್ನಿನೊಳಕ್ಕೆ ಬಿಡುತ್ತದೆ. ಇದನ್ನು ಅಳೆಯಲು ‘ಗೋ’, ‘ನೋ-ಗೋ’, ‘ಫೀಲ್ಡ್’ ಎಂಬ ಮೂರು ಉಕ್ಕಿನ ಗೇಜುಗಳಿವೆ: ಮೊದಲನೆಯದರ ಮೇಲೆ ಬೋಲ್ಟು ಮುಚ್ಚಬೇಕು, ಎರಡನೆಯದರ ಮೇಲೆ, ಹೊಸದಾಗಿ ಕೂರಿಸಿದ ನಳಿಗೆಯಾದರೆ, ಮುಚ್ಚಬಾರದು, ಹಳೆಯ ರೈಫಲ್ಲಿನಲ್ಲಿ ಮೂರನೆಯದರ ಮೇಲೂ ಮುಚ್ಚಿಕೊಂಡರೆ ಅದರಿಂದ ಗುಂಡು ಹಾರಿಸುವಂತಿಲ್ಲ. ಬೋಲ್ಟು ಮತ್ತು ರಿಸೀವರಿನ ಮೇಲಿನ ಸಂಖ್ಯೆಗಳು ಒಂದೇ ಇವೆಯೇ ಎಂದು ನೋಡುವುದು ಇದಕ್ಕಾಗಿಯೇ, ಏಕೆಂದರೆ ಗೋದಾಮುಗಳಲ್ಲಿ ಕಳಚಿ ಒಟ್ಟಿದ ಬೋಲ್ಟುಗಳು ಬೇರೆ ಬೇರೆ ರೈಫಲ್ಲುಗಳಿಗೆ ಸೇರಿಹೋದದ್ದು ಅಪರೂಪವಲ್ಲ. ಲೀ-ಎನ್‌ಫೀಲ್ಡ್‌ನಲ್ಲಿ ತೋಟಾದ ಬುಡದ ಅಂಚೇ ಈ ಅಳತೆಯನ್ನು ನಿರ್ಧರಿಸುತ್ತದೆ. ಅದರ ನಂಬರ್ 4 ಮಾದರಿಯಲ್ಲಿ ಬೋಲ್ಟಿನ ತಲೆಯನ್ನು ತಿರುಗಿಸಿ ಬಿಚ್ಚಬಹುದು, 0ರಿಂದ 3ರವರೆಗೆ ಸಂಖ್ಯೆ ಹಾಕಿದ, ಸ್ವಲ್ಪಸ್ವಲ್ಪವೇ ಉದ್ದವಾಗುವ ತಲೆಗಳಿಂದ ಅಂತರವನ್ನು ಸರಿಪಡಿಸಬಹುದು. ಅಲ್ಲಿ ಈಗಾಗಲೇ 3ನೇ ಸಂಖ್ಯೆಯ ತಲೆ ಕೂತಿದ್ದರೆ ಮುಂದಿನ ಸವೆತಕ್ಕೆ ಪರಿಹಾರ ಉಳಿದಿಲ್ಲವೆಂದೇ ತಿಳಿಯಬೇಕು.

ಚೇಂಬರಿನ ಮೇಲೆ ಯಾರು ಕೈಯಾಡಿಸಿದ್ದಾರೆ ಎಂಬುದು ಇನ್ನೂ ಸೂಕ್ಷ್ಮವಾದ ಸಂಗತಿ. ತೋಟಾ ಸಿಗದ ಸೈನಿಕ ರೈಫಲ್ಲನ್ನು ಸುಲಭವಾಗಿ ಸಿಗುವ ತೋಟಾಕ್ಕೆ ಹೊಂದಿಸಲು ಚೇಂಬರನ್ನು ಕೊರೆದು ಹಿಗ್ಗಿಸುವುದು ಅಮೆರಿಕದಲ್ಲಿ ಸಾಮಾನ್ಯವಾಗಿತ್ತು, ಆದರೆ ಹಾಗೆ ಮಾಡಿದವರಲ್ಲಿ ಎಷ್ಟೋ ಜನ ಹೊಸ ಗುರುತನ್ನು ನಳಿಗೆಯ ಮೇಲೆ ಕೆತ್ತಲಿಲ್ಲ. 1950ರ ದಶಕದಲ್ಲಿ ‘ಅಮೆರಿಕನ್ ರೈಫಲ್‌ಮನ್’ ಪತ್ರಿಕೆಯಲ್ಲಿ ದಾಖಲಾದ ಪ್ರಕರಣವೊಂದರಲ್ಲಿ, ಜಪಾನಿನ 6.5 ಮಿಲಿಮೀಟರ್ ಅರಿಸಾಕದ ಚೇಂಬರನ್ನು ಮಾತ್ರ .30-06 ತೋಟಾಕ್ಕೆ ಹಿಗ್ಗಿಸಿ ನಳಿಗೆಯ ರಂಧ್ರವನ್ನು ಹಾಗೆಯೇ ಬಿಡಲಾಗಿತ್ತು, 7.8 ಮಿಲಿಮೀಟರ್ ದಪ್ಪದ ಗುಂಡು ಅಷ್ಟು ಕಿರಿದಾದ ರಂಧ್ರದಲ್ಲಿ ಹಿಂಡಿಕೊಂಡು ಹೊರಬರುತ್ತಿದ್ದರೂ ಅದರ ಒಡೆಯ ಬೇಟೆಗೂ ಹೋಗಿ ಬಂದಿದ್ದ, ಕೋವಿ ಬಲವಾಗಿ ಒದೆಯುತ್ತದೆ ಎಂಬುದಷ್ಟೇ ಅವನ ದೂರಾಗಿತ್ತು. ಅರಿಸಾಕದ ಆ್ಯಕ್ಷನ್ ಅಸಾಧಾರಣ ಬಲದ್ದಾದ್ದರಿಂದ ಅವನು ಉಳಿದ. ಬೇರೆ ರೈಫಲ್ಲಾಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಜರ್ಮನಿಯ 8 ಮಿಲಿಮೀಟರ್ ಮೌಸರಿನಲ್ಲಿ ಮಾರ್ಪಾಡೇ ಇಲ್ಲದೆ ಗೊಂದಲಕ್ಕೆ ಎಡೆಯಿದೆ: ಮೊದಲು .318 ಅಂಗುಲವಿದ್ದ ಗುಂಡಿನ ವ್ಯಾಸ 1905ರಲ್ಲಿ .323 ಅಂಗುಲವಾಯಿತು, ಹೊಸ ಗುಂಡನ್ನು ಹಳೆಯ ನಳಿಗೆಯಲ್ಲಿ ಹಾರಿಸುವುದು ಒತ್ತಡವನ್ನು ಮಿತಿಮೀರಿಸುತ್ತದೆ. ಚೇಂಬರಿನೊಳಗೆ ಕರಗಿದ ಗಂಧಕವನ್ನೋ ಅಚ್ಚಿಗೆಂದೇ ಮಾಡಿದ ಮಿಶ್ರಲೋಹವನ್ನೋ ಎರೆದು, ಗಟ್ಟಿಯಾದ ಮೇಲೆ ಹೊರತೆಗೆದು ಅಳೆಯುವ ಪದ್ಧತಿ ಕೋವಿ ಕೆಲಸಗಾರರಲ್ಲಿ ಹಳೆಯದು. ನಳಿಗೆಯ ಮೇಲಿನ ಅಕ್ಷರಗಳಿಗಿಂತ ಆ ಅಚ್ಚನ್ನು ನಂಬಬೇಕು. ಬ್ರಿಟನ್ನಿನಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್‌ಗಳು, ಅಂದರೆ ಹೆಚ್ಚಿನ ಒತ್ತಡದ ತೋಟಾ ಸಿಡಿಸಿ ಕೋವಿಯ ಬಲವನ್ನು ಪರೀಕ್ಷಿಸಿ ಮುದ್ರೆಯೊತ್ತುವ ಸಂಸ್ಥೆಗಳು, 1868ರ ಕಾಯ್ದೆಯ ಬಲದಿಂದ ಈ ಕೆಲಸ ಮಾಡುತ್ತ ಬಂದಿವೆ, ಹೀಗೆ ಬದಲಾದ ಕೋವಿ ಮಾರಾಟಕ್ಕೆ ಮುನ್ನ ಮರುಪರೀಕ್ಷೆಗೆ ಒಳಗಾಗಬೇಕು. ಅಮೆರಿಕದಲ್ಲಿ ಇಂಥ ಸರ್ಕಾರಿ ಪರೀಕ್ಷೆಯ ಕಟ್ಟುಪಾಡಿಲ್ಲವಾದ್ದರಿಂದ ಆ ಹೊಣೆ ಪೂರ್ತಿಯಾಗಿ ಕೊಳ್ಳುವವನ ಹೆಗಲ ಮೇಲೆ ಬೀಳುತ್ತದೆ.

ನಳಿಗೆಯ ಒಳಮೈ ನೋಡುವಾಗ ಕಾಣುವ ಹುಳುಕುಗಳಿಗೆ ಹೆಚ್ಚಾಗಿ ಕಾರಣ ಹಳೆಯ ಸೈನಿಕ ತೋಟಾಗಳ ಪ್ರೈಮರ್, ಅಂದರೆ ಬಡಿತಕ್ಕೆ ಕಿಡಿ ಕೊಟ್ಟು ಮದ್ದನ್ನು ಹೊತ್ತಿಸುವ ಪುಟ್ಟ ಬಟ್ಟಲು. ಅದರಲ್ಲಿನ ಪೊಟ್ಯಾಶಿಯಂ ಕ್ಲೋರೇಟ್ ಉರಿದ ಮೇಲೆ ಉಪ್ಪಿನಂಥ ಶೇಷವನ್ನು ಬಿಡುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವಂತೆ ಅದೂ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆ ಈ ಉಪ್ಪನ್ನು ಕರಗಿಸದು, ನೀರು ಕರಗಿಸುತ್ತದೆ. ಎಣ್ಣೆ ಬಟ್ಟೆಯಿಂದಷ್ಟೇ ಒರೆಸಿಟ್ಟ ಸಾವಿರಾರು ಒಳ್ಳೆಯ ನಳಿಗೆಗಳು ಹೀಗೆ ಹಾಳಾದವು. ಸುರುಳಿ ತೋಡುಗಳ ಅಂಚು ಚೂಪಾಗಿದ್ದರೆ ಒಳಮೈ ಸ್ವಲ್ಪ ಕಪ್ಪಾಗಿರುವುದು ದೊಡ್ಡ ದೋಷವಲ್ಲ. ಅದಕ್ಕಿಂತ ಮುಖ್ಯವಾದದ್ದು ನಳಿಗೆಯ ಮುಂತುದಿ: ಗರಗಸದಿಂದ ಕತ್ತರಿಸಿದವನು ಅಂಚನ್ನು ಕಡಚಲು ಯಂತ್ರದಲ್ಲಿ ಸಮವಾಗಿ ಕಡೆಯದೆ ಅರದಿಂದ ಉಜ್ಜಿ ಬಿಟ್ಟಿದ್ದರೆ, ಹೊರಬೀಳುವ ಗುಂಡಿನ ಬುಡಕ್ಕೆ ಅನಿಲ ಒಂದು ಪಕ್ಕದಿಂದ ಮೊದಲು ತಳ್ಳಿ ಗುರಿ ಚದುರುತ್ತದೆ. ಇದು ಸರಿಪಡಿಸಬಹುದಾದ ದೋಷ. ಸರಿಪಡಿಸಲಾಗದ್ದು ಅಡ್ಡಾದಿಡ್ಡಿಯಾಗಿ ಕೊರೆದ ದುರ್ಬೀನಿನ ತಿರುಪು ರಂಧ್ರ, ಅದರಲ್ಲೂ ಬೀಗದ ಗುಬಟು ಕೂರುವ ಜಾಗಕ್ಕೆ ತಾಗಿ ಕೊರೆದದ್ದು. ಅಮೆರಿಕದ ಕಾನೂನಿನಲ್ಲಿ ರೈಫಲ್ಲಿನ ನಳಿಗೆ 16 ಅಂಗುಲಕ್ಕಿಂತಲೋ ಒಟ್ಟು ಉದ್ದ 26 ಅಂಗುಲಕ್ಕಿಂತಲೋ ಕಡಿಮೆಯಾಗಿದ್ದರೆ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕಾಗುವುದರಿಂದ, ಮೊಟಕು ಮಾಡಿದ ಕೋವಿಗೆ ಅಳತೆಪಟ್ಟಿ ಹಿಡಿದು ನೋಡುವುದೂ ಅಗತ್ಯ. ಅಲ್ಲಿ ಉದ್ಯೋಗದ ತಾತ್ಕಾಲಿಕ ವೀಸಾದ ಮೇಲಿರುವ ಕನ್ನಡಿಗರು ತಿಳಿದಿರಬೇಕಾದ ಮಾತೊಂದಿದೆ: ವಲಸೆಯೇತರ ವೀಸಾ ಇರುವವರು ಬೇಟೆಯ ಲೈಸೆನ್ಸಿನಂಥ ಕಾನೂನು ಒಪ್ಪಿದ ವಿನಾಯಿತಿ ಇಲ್ಲದೆ ಕೋವಿಯನ್ನು ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಲ್ಲಿನ ಒಕ್ಕೂಟ ಕಾನೂನಿನ ಪ್ರಕಾರ ಅಪರಾಧ.

ಭಾರತದಲ್ಲಿ ಈ ವಿಷಯ ಬೇರೆಯೇ ಹಾದಿ ಹಿಡಿಯಿತು. ಸೈನ್ಯದ ತೋಟಾ ಕದ್ದು ಬಳಸುವಂತಾಗಬಾರದೆಂದು ಬ್ರಿಟಿಷ್ ಆಡಳಿತ .303ನ್ನು ನಾಗರಿಕರಿಗೆ ನಿಷೇಧಿಸಿದ್ದರಿಂದ, ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಸಂಸ್ಥೆ ಅದೇ ಲೀ-ಎನ್‌ಫೀಲ್ಡ್ ಆ್ಯಕ್ಷನ್ನಿಗೆ ಆಸ್ಟ್ರಿಯಾದ ಹಳೆಯ 8 ಮಿಲಿಮೀಟರ್ ಮಾನ್ಲಿಕರ್ ತೋಟಾವನ್ನು ಹೊಂದಿಸಿ ಇಲ್ಲಿಯ ಮಾರುಕಟ್ಟೆಗೆ .315 ಬೇಟೆ ರೈಫಲ್ಲನ್ನು ಮಾಡಿತು. ಸ್ವಾತಂತ್ರ್ಯಾನಂತರ ಇಷಾಪುರದ ಸರ್ಕಾರಿ ಕಾರ್ಖಾನೆ ಅದನ್ನು ಮುಂದುವರಿಸಿತು. ಇಂದು ಕರ್ನಾಟಕದಲ್ಲಿ ಪರವಾನಗಿ ಪಡೆದವರ ಮನೆಯಲ್ಲಿ ಕಾಣಬಹುದಾದ .315 ರೈಫಲ್ಲು ಹೀಗೆ ಹುಟ್ಟಿನಿಂದಲೇ ಸ್ಪೋರ್ಟರು, ಯಾರೂ ಗರಗಸ ಹಿಡಿದು ಕತ್ತರಿಸಿದ್ದಲ್ಲ. ಮನಬಂದಂತೆ ಕತ್ತರಿಸುವುದಕ್ಕೆ ಕಾನೂನಿನ ಅನುಮತಿಯೂ ಇಲ್ಲ: 1959ರ ಆಯುಧ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ನಳಿಗೆಯನ್ನು ಮೊಟಕುಗೊಳಿಸಲು ಪ್ರತ್ಯೇಕ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಭೂ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋಳ್ದ್ ದಿನ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಒರಗಿಸಿ ತೋಕ್ ಪೂ, ಅಂದರೆ ಕೋವಿ ಹೂ, ಏರಿಸಿ ಪೂಜಿಸುವ ಕೋವಿಗಳು ತಲೆಮಾರಿನಿಂದ ತಲೆಮಾರಿಗೆ ಇದ್ದ ಹಾಗೆಯೇ ದಾಟಿಬಂದದ್ದರಲ್ಲಿ ಒಂದು ಪಾಠವಿದೆ. ಕೋವಿಯನ್ನು ಬರಿಯ ಉಪಕರಣವೆಂದು ನೋಡದ ಸಮುದಾಯ ಅದರ ಮೈಯನ್ನು ಕೆಡಿಸುವುದಿಲ್ಲ.

ಕಳೆದುಹೋದದ್ದರ ಬೆಲೆ ಇಲ್ಲಿಯೇ ಅರ್ಥವಾಗುವುದು. 1950ರ ದಶಕದಲ್ಲಿ ಸೈನಿಕ ರೈಫಲ್ಲುಗಳು ಗುಡ್ಡೆಗಟ್ಟಲೆ ಬಿದ್ದಿದ್ದವು, ಹೊಸ ಬೇಟೆ ರೈಫಲ್ಲು ದುಡಿಯುವ ವರ್ಗದವನ ಕೈಗೆ ದುಬಾರಿಯಾಗಿತ್ತು. ಅಂದು ಕತ್ತರಿಸಿದವನು ಇತಿಹಾಸವನ್ನು ಹಾಳುಮಾಡಿದನೆಂದು ಇಂದು ನಿಂತು ಬೈಯುವುದು ನ್ಯಾಯವಲ್ಲ. ಕೆನಡಾದ ಉತ್ತರದಲ್ಲಿ ಎಷ್ಟೋ ಕುಟುಂಬಗಳ ಚಳಿಗಾಲದ ಮಾಂಸ ಬಂದದ್ದು ಕತ್ತರಿಸಿದ .303ರಿಂದ, ಅಲ್ಲಿನ ಕೆನಡಿಯನ್ ರೇಂಜರುಗಳು ಅದೇ ಲೀ-ಎನ್‌ಫೀಲ್ಡನ್ನು ಹಿಮದ ನಡುವೆ ನಂಬಿ 2018ರವರೆಗೂ ಹೊತ್ತು ತಿರುಗಿದರು. ಆದರೆ ಇಂದಿನ ಲೆಕ್ಕ ತಲೆಕೆಳಗಾಗಿದೆ. ಕತ್ತರಿಸದೆ ಉಳಿದ, ಸಂಖ್ಯೆಗಳೆಲ್ಲ ಹೊಂದುವ ಸೈನಿಕ ರೈಫಲ್ಲಿಗೆ ಸಂಗ್ರಾಹಕರು ಸ್ಪೋರ್ಟರಿನ ಹಲವು ಪಟ್ಟು ಕೊಡುತ್ತಾರೆ. ಅಮೆರಿಕದ ಕಾನೂನು ಐವತ್ತು ವರ್ಷ ದಾಟಿದ ಕೋವಿಗೆ ಕೊಡುವ ಐತಿಹಾಸಿಕ ವಸ್ತುವಿನ ಮಾನ್ಯತೆಯೂ ಮೂಲರೂಪದಲ್ಲಿ ಉಳಿದದ್ದಕ್ಕೇ ಸಲ್ಲುತ್ತದೆ. ಇನ್ನೊಂದು ಕಡೆ, 2012ರಲ್ಲಿ ಬಂದ ರೂಗರ್ ಅಮೆರಿಕನ್‌ನಂಥ ಅಗ್ಗದ ಹೊಸ ರೈಫಲ್ಲುಗಳು ದುರ್ಬೀನಿಗೆ ಸಿದ್ಧವಾಗಿ, ಹಗುರವಾಗಿ, ತಯಾರಕರ ಖಾತರಿಯೊಂದಿಗೆ ಬರುತ್ತವೆ, ಗುರಿಯ ನಿಖರತೆಯಲ್ಲಿ ಹೆಚ್ಚಿನ ಸ್ಪೋರ್ಟರುಗಳನ್ನು ಮೀರಿಸುತ್ತವೆ. ಸ್ಪೋರ್ಟರಿಗೆ ಹೊಸ ಟ್ರಿಗರ್, ದುರ್ಬೀನಿಗೆ ತಾಗದ ಸೇಫ್ಟಿ, ಬಾಗಿಸಿದ ಬೋಲ್ಟ್ ಹಿಡಿ, ಹೊಸ ನಳಿಗೆ ಎಂದು ಒಂದೊಂದಾಗಿ ಸೇರಿಸುತ್ತ ಹೋದರೆ ಖರ್ಚು ಹೊಸ ರೈಫಲ್ಲನ್ನು ದಾಟಿ ಎಲ್ಲೋ ಹೋಗುತ್ತದೆ, ಮಾರುವಾಗ ಅದರಲ್ಲಿ ಕಾಲುಭಾಗವೂ ಹಿಂತಿರುಗುವ ಭರವಸೆಯಿಲ್ಲ.

ಹಾಗಿದ್ದರೂ ಕೊಳ್ಳಬೇಕಾದ ಸ್ಪೋರ್ಟರುಗಳು ಇವೆ. ಹೆಸರಾಂತ ಕಾರ್ಯಾಗಾರದ ಗುರುತಿರುವ, ಮರ ಮತ್ತು ಉಕ್ಕಿನ ನಡುವೆ ಕಾಗದವೂ ತೂರದಂತೆ ಕೂಡಿಸಿದ ಸ್ಪ್ರಿಂಗ್‌ಫೀಲ್ಡ್ ಅಥವಾ 1898ರ ಮೌಸರ್ ಕಂಡರೆ ಅದು ಸೈನಿಕ ರೈಫಲ್ಲಿನ ಅವಶೇಷವಲ್ಲ, ತನ್ನದೇ ಹಕ್ಕಿನ ಕಲಾಕೃತಿ. ಅದಕ್ಕೆ ತಕ್ಕ ಬೆಲೆ ಕೊಡುವುದರಲ್ಲಿ ತಪ್ಪಿಲ್ಲ. ಎರಡನೆಯದಾಗಿ, ಮುಂಭಾಗದ ಮರವನ್ನಷ್ಟೇ ಕತ್ತರಿಸಿ, ನಳಿಗೆಯ ಉದ್ದವನ್ನೂ ಸೈಟುಗಳನ್ನೂ ಮುಟ್ಟದೆ, ರಿಸೀವರಿಗೆ ರಂಧ್ರ ಕೊರೆಯದೆ ಬಿಟ್ಟದ್ದು ಸಿಕ್ಕರೆ, ಅದೇ ಕಾಲದ ಮರ, ಪಟ್ಟಿ, ತಿರುಪುಗಳನ್ನು ಹುಡುಕಿ ಮತ್ತೆ ಮೂಲರೂಪಕ್ಕೆ ತರಬಹುದು. ಆ ಭಾಗಗಳ ಬೆಲೆಯನ್ನು ಮುಂಚೆಯೇ ಕೂಡಿ ನೋಡಿದವನಿಗೆ ಮಾತ್ರ ಇದು ಲಾಭ, ಸೇರಿಸಿ ಕಟ್ಟಿದ್ದನ್ನು ಮೂಲವೆಂದು ಮಾರುವುದು ವಂಚನೆ. ಮೂರನೆಯದು ಮನೆಯದು. ತಂದೆಯೋ ಅಜ್ಜನೋ ಹಿಡಿದ ಸ್ಪೋರ್ಟರು ವಾರಸುದಾರನ ಕೈಗೆ ಬಂದಾಗ ಅದರ ಮಾರುಕಟ್ಟೆ ಬೆಲೆಯನ್ನು ಕೇಳುವ ಅಗತ್ಯವೇ ಇಲ್ಲ, ಪರೀಕ್ಷೆ ಮಾಡಿಸಿ ಹಾಗೆಯೇ ಇಟ್ಟುಕೊಳ್ಳಬೇಕು.

ಉಳಿದದ್ದನ್ನು, ಅಂದರೆ ಅಂಗಡಿಯ ಮೂಲೆಯಲ್ಲಿ ನಿಂತ, ಯಾರ ಕೈಯಿಂದ ಏನಾಯಿತೆಂದು ಗೊತ್ತಿಲ್ಲದ, ನಳಿಗೆ ಮೊಟಕಾದ, ರಿಸೀವರು ತೂತಾದ ಸಾಮಾನ್ಯ ಸ್ಪೋರ್ಟರನ್ನು, ಕೊಳ್ಳದಿರುವುದೇ ಸರಿ. ಅದಕ್ಕೆ ಮನಸೋತವರು ಹಣ ಕೊಡುವ ಮುನ್ನ ನುರಿತ ಕೋವಿ ಕೆಲಸಗಾರನಿಂದ ಹೆಡ್‌ಸ್ಪೇಸ್ ಅಳೆಸಿ, ಚೇಂಬರಿನ ಅಚ್ಚು ತೆಗೆಸಿ, ರಿಸೀವರಿನ ಬಿರುಕು ನೋಡಿಸಬೇಕು, ಮಾರುವವನು ಅದಕ್ಕೆ ಒಪ್ಪದಿದ್ದರೆ ಆ ರೈಫಲ್ಲನ್ನು ಅಲ್ಲಿಯೇ ಒರಗಿಸಿ ಬರಬೇಕು. ಮೂಲರೂಪದಲ್ಲೇ ಉಳಿದ ಸೈನಿಕ ರೈಫಲ್ಲು ಈಗ ಕೈಗೆ ಬಂದವರು ದಯವಿಟ್ಟು ಅದಕ್ಕೆ ಗರಗಸ ತಾಗಿಸದಿರಲಿ.